ಐವತ್ತೆರಡರ ರ‍್ಯಾಪರ್ ಮತ್ತು ನಮ್ಮ ಮನೆಯ ಹುಡುಗರು

ರ‍್ಯಾಪ್ ಅಂದರೆ ಮೀಸೆ ಮೂಡುವ ಹೊತ್ತಿಗೆ ಹಿಡಿಯುವ ಹುಚ್ಚು, ಕೆಲಸ ಸಿಕ್ಕಿ ಮದುವೆಯಾದರೆ ತಾನಾಗಿಯೇ ಬಿಡುತ್ತದೆ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಬಿಡದಿದ್ದರೆ ಬಿಡಿಸುವವರೂ ಇದ್ದಾರೆ. ಈ ಮಾತು ಎಷ್ಟು ಸರಿ ಎಂದು ಯೋಚಿಸಲು ಈಚಿನ ಒಂದು ಆಲ್ಬಮ್ ಒಳ್ಳೆಯ ನೆಪ.

2025ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ರ‍್ಯಾಪರ್ ನ್ಯಾಸ್ ಮತ್ತು ಡಿಜೆ ಪ್ರೀಮಿಯರ್ ಸೇರಿ 'ಲೈಟ್ ಇಯರ್ಸ್' ಎಂಬ ಆಲ್ಬಮ್ ತಂದರು. ಮಾತು ನ್ಯಾಸ್‌ನದು, ಬೀಟ್ ಪ್ರೀಮಿಯರ್‌ನದು. ನ್ಯಾಸ್‌ಗೆ ಆಗ 52 ವರ್ಷ, ಪ್ರೀಮಿಯರ್‌ಗೆ 59. ಹಿಪ್‌ಹಾಪ್ ಹುಟ್ಟಿದ್ದು 1973ರ ಆಗಸ್ಟ್ 11ರಂದು, ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ನುಡಿಸಿದ ಒಂದು ಪಾರ್ಟಿಯಲ್ಲಿ ಎಂದು ಲೆಕ್ಕ ಹಿಡಿಯುತ್ತಾರೆ. ನ್ಯಾಸ್ ಹುಟ್ಟಿದ್ದು ಅದರ ಮರುತಿಂಗಳು. ಎಂಟನೇ ತರಗತಿಗೆ ಶಾಲೆ ಬಿಟ್ಟ ಆ ಹುಡುಗ 1994ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ 'ಇಲ್‌ಮ್ಯಾಟಿಕ್' ತಂದ. ಅದರ ಮೂರು ಹಾಡಿಗೆ ಬೀಟ್ ಕಟ್ಟಿದವರು ಇದೇ ಪ್ರೀಮಿಯರ್. ಇಬ್ಬರೂ ಸೇರಿ ಪೂರ್ತಿ ಆಲ್ಬಮ್ ಮಾಡುತ್ತಾರಂತೆ ಎಂಬ ಸುದ್ದಿ ವರ್ಷಗಟ್ಟಲೆ ಓಡಾಡಿ, ಕೊನೆಗೆ ಈಗ ನಿಜವಾಯಿತು.

ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 'ಪಾಸ್ ಟೇಪ್ಸ್'. ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ನಮ್ಮ ಮನೆಗಳಲ್ಲೂ ಇತ್ತು. ಗಲ್ಫಿನಿಂದ ಮಾತು ತುಂಬಿಸಿ ಕಳಿಸಿದ ಕ್ಯಾಸೆಟ್ಟನ್ನು ಉಮ್ಮಂದಿರು ಅದರಲ್ಲೇ ಕೇಳುತ್ತಿದ್ದರು. ದುಬಾರಿ ಯಂತ್ರ ಕೊಳ್ಳಲಾಗದ ನ್ಯೂಯಾರ್ಕ್‌ನ ಹುಡುಗರು ಅದರಲ್ಲೇ ಬೀಟ್ ಕಟ್ಟುತ್ತಿದ್ದರು. ಹಳೆಯ ಹಾಡೊಂದರಲ್ಲಿ ಡ್ರಮ್ ಮಾತ್ರ ಕೇಳುವ ನಾಲ್ಕು ಸೆಕೆಂಡನ್ನು ಇನ್ನೊಂದು ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿ ಪಾಸ್ ಗುಂಡಿ ಒತ್ತುವುದು. ಮೊದಲ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿ, ಅದೇ ಜಾಗ ಬಂದ ಕೂಡಲೇ ಪಾಸ್ ಬಿಡುವುದು. ಹೀಗೆ ಮೂವತ್ತು ಸಲ ಮಾಡಿದರೆ ಎರಡು ನಿಮಿಷದ ಬೀಟ್. ಒಂದು ಸಲ ಬೆರಳು ತಡವಾದರೂ ತಾಳ ಕೆಡುತ್ತದೆ. ಡಿಪ್ಲೊಮಾ ಓದುವಾಗ ಲೇತ್ ಮುಂದೆ ನಿಂತವರಿಗೆ ಗೊತ್ತು, ಇದು ವರ್ಕ್‌ಶಾಪ್ ಕೆಲಸ. ಕೈ ಪಳಗಬೇಕು, ತಾಳ್ಮೆ ಬೇಕು. ಇದನ್ನು ಇಪ್ಪತ್ತರ ಹುಡುಗ ನೆನಪಿನಿಂದ ಹೇಳಲಾರ. ಆ ಕಾಲ ಕಂಡವನೇ ಹೇಳಬೇಕು.

ಆಲ್ಬಮ್‌ನಲ್ಲಿ ಗಂಡುಮಕ್ಕಳ ಕುರಿತು 'ಸನ್ಸ್' ಎಂಬ ಹಾಡೂ ಇದೆ. ನ್ಯಾಸ್‌ನ ತಂದೆ ಓಲು ದಾರಾ ಜಾಝ್ ಕಲಾವಿದ. ಮಗನ ಮೊದಲ ಆಲ್ಬಮ್‌ನ ಒಂದು ಹಾಡಿಗೆ ಕಾರ್ನೆಟ್ ಊದಿದ್ದು ಅವರೇ. 2004ರಲ್ಲಿ ಅಪ್ಪ ಮಗ ಒಟ್ಟಿಗೆ ಹಾಡಿದರು. ಮಗನದು ಬೇರೆಯೇ ಬಗೆಯ ಸಂಗೀತ, ಆದರೂ ತಂದೆ ಪಕ್ಕದಲ್ಲಿ ನಿಂತರು. ಆ ಮಗ ಇಂದು ತಾನೇ ತಂದೆಯಾಗಿ ಹಾಡುತ್ತಿದ್ದಾನೆ.

ಹಾಗೆಂದು ಎಲ್ಲವೂ ಚಿನ್ನವೇನಲ್ಲ. ಹಳೆಯ ದಿನಗಳ ಸ್ಮರಣೆ ಸ್ವಲ್ಪ ಜಾಸ್ತಿಯೇ ಆಯಿತು. ಮೂವತ್ತು ವರ್ಷದ ಹಿಂದಿನ ಹಾಡಿನ ಹೆಸರಿಗೇ 'ಮೂರನೇ ಭಾಗ' ಎಂದು ಸೇರಿಸಿ ಹೊಸ ಹಾಡು ಮಾಡಿದ್ದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಬೈಗುಳವೂ ಇದೆ, ಮಕ್ಕಳ ಮುಂದೆ ಎಲ್ಲವನ್ನೂ ಹಾಕಲಾರೆ. ವಾದ್ಯ ಸಂಗೀತವೇ ಬೇಡ ಎನ್ನುವ ಮನೆಗಳ ಜೊತೆ ನಾನು ಇಲ್ಲಿ ವಾದಕ್ಕಿಳಿಯುವುದಿಲ್ಲ. ನಾನು ಹೇಳುತ್ತಿರುವುದು ಮಾತಿನ ಕಸುಬಿನ ಬಗ್ಗೆ.

ಆ ಕಸುಬು ನಮಗೆ ಹೊರಗಿನದಲ್ಲ. ಮಾಪಿಳ್ಳೆ ಪಾಟ್ಟಿನಲ್ಲಿ ಪ್ರಾಸಕ್ಕೆ ಕಂಬಿ, ವಾಲ್‌ಕಂಬಿ ಎಂದು ಹೆಸರಿಟ್ಟು ಕಟ್ಟುನಿಟ್ಟಿನ ಲೆಕ್ಕವಿದೆ. ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದಾಗ ಅವರಿಗೂ ಇಪ್ಪತ್ತೇ ವರ್ಷ. ಅದು ಹುಡುಗಾಟ, ಬಿಡು ಎಂದು ಯಾರಾದರೂ ಬಿಡಿಸಿದ್ದರೆ ಇಂದು ಹಾಡಲು ನಮಗೇನು ಉಳಿಯುತ್ತಿತ್ತು?

2022ರಲ್ಲಿ 'ತಲ್ಲುಮಾಲ' ಸಿನಿಮಾ ಬಂದ ಮೇಲೆ ಮಲಬಾರಿನ ಆಡುಮಾತಿನ ರ‍್ಯಾಪ್ ಕಾಸರಗೋಡಿನ ಮದುವೆ ಮನೆಗಳಿಗೂ ಬಂತು. ಅದನ್ನು ಕೇಳಿದ ಹುಡುಗರು ಮೊಬೈಲಿನಲ್ಲಿ ಬ್ಯಾರಿಯಲ್ಲೇ ನಾಲ್ಕು ಸಾಲು ಬರೆಯುತ್ತಾರೆ, ಪ್ರಾಸ ಕೂಡಿಸುತ್ತಾರೆ. ಇಲ್ಲಿ ಶಾಲೆ ಕನ್ನಡದಲ್ಲಿ ಅಥವಾ ಮಲಯಾಳದಲ್ಲಿ, ಅಂಗಡಿ ಬೋರ್ಡು ಎರಡರಲ್ಲೂ, ಇಂಗ್ಲಿಷಿನಲ್ಲೂ. ಬ್ಯಾರಿ ಇರುವುದು ಬಾಯಲ್ಲಿ. ಕರ್ನಾಟಕ ಸರಕಾರ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು, ನಾವು ತಲಪಾಡಿ ಗೇಟಿನಿಂದ ಈಚೆ. ಬಾಯಲ್ಲಿ ಬದುಕುವ ಭಾಷೆಯಲ್ಲಿ ಒಬ್ಬ ಹುಡುಗ ಪ್ರಾಸ ಹುಡುಕುತ್ತಿದ್ದಾನೆಂದರೆ, ಅವನು ಉಮ್ಮಮ್ಮನ ಬಾಯಿಂದ ಉದುರಿಹೋಗುತ್ತಿರುವ ಪದಗಳನ್ನು ಹೆಕ್ಕುತ್ತಿದ್ದಾನೆ ಎಂದೇ ಅರ್ಥ. ಪ್ರಾಸಕ್ಕೆ ಹೊಸ ಪದ ಬೇಕಾದಾಗ ಹಳೆಯ ಪದವೇ ಕೈಗೆ ಸಿಗುವುದು.

ಅಂಥವನು ಇಪ್ಪತ್ತೈದಕ್ಕೆ ವೀಸಾ ಬಂದ ಮೇಲೆ ಸುಮ್ಮನಾಗುತ್ತಾನೆ. ಹೇಳಲು ವಿಷಯ ಸಿಗುವುದೇ ಆ ನಂತರ. ಅಂಗಡಿಯ ಸಾಲದ ಪುಸ್ತಕ, ಒಂದೇ ರೂಮಿನಲ್ಲಿ ಎಂಟು ಮಂದಿ ಮಲಗುವುದು, ವೀಡಿಯೊ ಕಾಲ್‌ನಲ್ಲಿ ನೋಡಿದ ಮಗುವಿನ ಮೊದಲ ಹೆಜ್ಜೆ, ಉಪ್ಪನ ಡಯಾಲಿಸಿಸ್. ಇವೆಲ್ಲ ಹದಿನೆಂಟರ ಹುಡುಗನಿಗೆ ಗೊತ್ತಿಲ್ಲ. ಅದಕ್ಕೇ ಅವನ ಸಾಲಿನಲ್ಲಿ ತನ್ನದಲ್ಲದ ಕಾರು, ತಾನು ಕಾಣದ ದುಡ್ಡು. ನಲವತ್ತಕ್ಕೆ ಅವನು ಬರೆದರೆ ಅದು ನಮ್ಮದೇ ಹಾಡಾಗುತ್ತದೆ.

ನ್ಯಾಸ್‌ನ ಮಾಸ್ ಅಪೀಲ್ ಸಂಸ್ಥೆ 2025ರಲ್ಲಿ ಹಿರಿಯರ ಏಳು ಆಲ್ಬಮ್‌ಗಳನ್ನು ಸಾಲಾಗಿ ತಂದಿತು. ಅವುಗಳಲ್ಲಿ 1999ರಲ್ಲಿ ತೀರಿಕೊಂಡ ಬಿಗ್ ಎಲ್‌ನ ಆಲ್ಬಮ್ಮೂ ಇದೆ. ಯಾರೋ ದನಿ ಹಿಡಿದಿಟ್ಟಿದ್ದರು, ಅದಕ್ಕೆ ಸಾಧ್ಯವಾಯಿತು. ನಮ್ಮಲ್ಲಿ ಮೊಯಿಲಾಂಜಿ ಪಾಟ್ಟು ಬಲ್ಲ ಉಮ್ಮಮ್ಮಂದಿರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅವರ ದನಿ ಯಾರ ಮೊಬೈಲಿನಲ್ಲಿದೆ?

ಆದ್ದರಿಂದ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಬರೆಯುವ ಹುಡುಗ ಹುಡುಗಿ ಇದ್ದರೆ ಕೆಟ್ಟ ಮಾತಿಗೆ ಬೈಯಿರಿ, ಸೋಮಾರಿತನಕ್ಕೆ ಬೈಯಿರಿ, ಬರೆಯುವುದಕ್ಕೆ ಬೈಯಬೇಡಿ. ಕೆಲಸವೂ ಇರಲಿ, ಸಂಸಾರವೂ ಇರಲಿ, ಬರವಣಿಗೆಯೂ ಇರಲಿ. ಹುಡುಗರಿಗೂ ಒಂದು ಮಾತು. ಪ್ರಾಸಕ್ಕೆ ಪದ ಸಿಗದಿದ್ದರೆ ಗೂಗಲ್ ಬಿಟ್ಟು ಅಡುಗೆಮನೆಗೆ ಹೋಗಿ ಉಮ್ಮಮ್ಮನನ್ನು ಕೇಳಿ. ಕೇಳುವಾಗ ರೆಕಾರ್ಡ್ ಗುಂಡಿ ಒತ್ತಿಟ್ಟುಕೊಳ್ಳಿ.