ಸಂಬಳ ಕಡಿಮೆ, ಕಮಿಷನ್ ಜಾಸ್ತಿ: ‘ಹೂಂ’ ಅನ್ನುವ ಮುಂಚೆ

ಮಕ್ಕಳು ಸ್ವಲ್ಪ ದೊಡ್ಡವರಾದರು. ಬೆಳಿಗ್ಗೆ ಎಂಟೂವರೆಗೆ ಸ್ಕೂಲ್ ವ್ಯಾನ್ ಹತ್ತಿಸಿದರೆ ಮಧ್ಯಾಹ್ನ ಮೂರೂವರೆವರೆಗೆ ಮನೆ ಖಾಲಿ. ಬೀರುವಿನಲ್ಲಿ ಡಿಪ್ಲೊಮಾ ಅಥವಾ ಬಿ.ಇ. ಮಾರ್ಕ್ಸ್ ಕಾರ್ಡು ಮದುವೆ ಆಲ್ಬಮ್ಮಿನ ಕೆಳಗೆ ಹಾಗೇ ಇದೆ. ಮತ್ತೆ ಕೆಲಸಕ್ಕೆ ಹೋದರೆ ಹೇಗೆ ಅನ್ನಿಸುವುದು ಇಂಥ ಹೊತ್ತಿನಲ್ಲೇ. ಅರ್ಜಿ ಹಾಕಿದರೆ ಕರೆಯೂ ಬರುತ್ತದೆ. ಆದರೆ ಎಂಟು–ಹತ್ತು ವರ್ಷ ಬಿಟ್ಟು ಹೊರಟವರ ಮುಂದೆ ಕಂಪನಿಗಳು ಇಡುವ ಆಫರ್ ಎಷ್ಟೋ ಸಲ ಹೀಗಿರುತ್ತದೆ: ‘ಟೆಕ್ನಿಕಲ್ ಸೇಲ್ಸ್ ಎಂಜಿನಿಯರ್. ಸಂಬಳ ಇಷ್ಟು, ಅದರ ಮೇಲೆ ಕಮಿಷನ್.’

ಬೆಂಗಳೂರಿನ ಓದುಗರೊಬ್ಬರು ಇಂಥದೇ ಇಕ್ಕಟ್ಟನ್ನು ಬರೆದು ಕಳಿಸಿದ್ದಾರೆ. ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದವರು, ಒಂಬತ್ತು ವರ್ಷ ಮನೆಯಲ್ಲಿದ್ದವರು. ಕೈಲಿ ಎರಡು ಆಫರ್ ಇವೆ. ಒಂದು ಯುಪಿಎಸ್ ಸರ್ವಿಸ್ ಮಾಡುವ ಕಂಪನಿಯಲ್ಲಿ ಕೂತು ಮಾಡುವ ಕೆಲಸ, ತಿಂಗಳಿಗೆ 28 ಸಾವಿರ. ಇನ್ನೊಂದು ಮನೆಗಳ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕುವ ಕಂಪನಿ, 18 ಸಾವಿರ ಸಂಬಳ, ಜೊತೆಗೆ ತಂದ ಆರ್ಡರಿನ ಮೇಲೆ ಶೇ 1.5 ಕಮಿಷನ್. ‘ಮೇಡಂ, ನೀವು ಟೆಕ್ನಿಕಲ್ ಓದಿದೋರು, ಸುಲಭವಾಗಿ 50 ಸಾವಿರ ತಗೋತೀರಿ’ ಅಂದಿದ್ದಾರಂತೆ. ಯಜಮಾನರು ‘ಗ್ಯಾರಂಟಿ ಬರೋದು ಎಷ್ಟು, ಅದನ್ನ ಕೇಳು’ ಅನ್ನುತ್ತಾರೆ. ಅತ್ತೆ, ‘ಬಿಸಿಲಲ್ಲಿ ಮನೆ ಮನೆ ತಿರುಗೋದಾ? ನೋಡಿದೋರು ಏನಂದ್ಕೋತಾರೆ?’ ಎನ್ನುತ್ತಾರೆ. ಪತ್ರದ ಕೊನೆಯ ಸಾಲು: ‘ನನಗೆ ಸೋಲಾರ್ ಕೆಲಸವೇ ಇಷ್ಟ, ಆದರೆ ಮನೆ ಸಾಲದ ಕಂತಿಗೆ ನನ್ನ ದುಡ್ಡೂ ಬೇಕು.’

ಅತ್ತೆಯವರ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಯಜಮಾನರ ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ಅರ್ಧ ಮಾತ್ರ. ಪೂರ್ತಿ ಪ್ರಶ್ನೆ ಇದು: 28 ಸಾವಿರಕ್ಕೆ ಸಮ ಆಗಬೇಕಾದರೆ ತಿಂಗಳಿಗೆ ಎಷ್ಟು ಮನೆಯ ಆರ್ಡರ್ ತರಬೇಕು?

ಒಂದು ಮನೆಯ ಸೋಲಾರ್ ಘಟಕದ ಬೆಲೆ ಎರಡು ಲಕ್ಷ ಎಂದಿಟ್ಟುಕೊಳ್ಳಿ. ಶೇ 1.5 ಅಂದರೆ 3 ಸಾವಿರ. ಎರಡು ಸಂಬಳಗಳ ನಡುವಿನ ಅಂತರ 10 ಸಾವಿರ. ಅದರ ಮೇಲೆ ಖರ್ಚು ಸೇರಿಸಿ. ಕೂತು ಮಾಡುವ ಕೆಲಸಕ್ಕೆ ಬಸ್ಸಿನಲ್ಲಿ ಹೋಗಿ ಬರಬಹುದು. 2023ರ ಜೂನ್‌ನಲ್ಲಿ ‘ಶಕ್ತಿ’ ಬಂದ ಮೇಲೆ ನಮ್ಮ ರಾಜ್ಯದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲವಾಯಿತು. ತಾರಸಿ ನೋಡಲು ಹೋಗುವವರಿಗೆ ಸ್ಕೂಟರೇ ಬೇಕು. ಪೆಟ್ರೋಲು, ಫೋನು, ಹೊರಗಿನ ಕಾಫಿ–ತಿಂಡಿ ಎಲ್ಲ ಸೇರಿ ತಿಂಗಳಿಗೆ 3 ಸಾವಿರ ಎಂದರೂ 13 ಸಾವಿರ ದುಡಿದ ಮೇಲಷ್ಟೇ ಎರಡೂ ಕೆಲಸ ಸಮ. ಅಂದರೆ ನಾಲ್ಕೂ ಚಿಲ್ಲರೆ, ಲೆಕ್ಕಕ್ಕೆ ಐದು ಮನೆ.

ಐದೇನು ದೊಡ್ಡದು ಅಂತೀರಾ? ಕೊಟೇಶನ್ ತಗೊಂಡವರೆಲ್ಲ ಹಾಕಿಸುವುದಿಲ್ಲ. ನಾವು ಒಂದು ಫ್ರಿಜ್ ಕೊಳ್ಳಲು ಎಷ್ಟು ಅಂಗಡಿ ಸುತ್ತುತ್ತೇವೆ ಎಂದು ನೆನಪಿಸಿಕೊಂಡರೆ ಸಾಕು. ಹತ್ತರಲ್ಲಿ ಒಬ್ಬರು ಒಪ್ಪುತ್ತಾರೆ ಎಂದುಕೊಂಡರೆ ಐದು ಆರ್ಡರಿಗೆ ಐವತ್ತು ಮನೆ, ದಿನಕ್ಕೆ ಎರಡು. ಇದು ಆಗದ ಮಾತಲ್ಲ. ಆದರೆ ಆ ‘ಸುಲಭದ 50 ಸಾವಿರ’ಕ್ಕೆ ಹನ್ನೊಂದು ಆರ್ಡರ್ ಬೇಕು, ನೂರಹತ್ತು ಮನೆ ಹತ್ತಿಳಿಯಬೇಕು. ಹತ್ತರಲ್ಲಿ ಒಂದು ಎಂಬುದು ನಮ್ಮ ಊಹೆ. ನಿಜವಾದ ಸಂಖ್ಯೆ ಕಂಪನಿಯ ಹತ್ತಿರ ಇರುತ್ತದೆ. ಸಂದರ್ಶನದಲ್ಲಿ ನೇರವಾಗಿ ಕೇಳಿ: ‘ಈ ಕೆಲಸದಲ್ಲಿ ಈಗ ಎಷ್ಟು ಜನ ಇದ್ದಾರೆ? ಕಳೆದ ವರ್ಷ ಅವರಲ್ಲಿ ನಡುಮಟ್ಟದವರಿಗೆ ತಿಂಗಳಿಗೆ ಎಷ್ಟು ಕಮಿಷನ್ ಬಂತು?’ ಎಲ್ಲರಿಗಿಂತ ಹೆಚ್ಚು ದುಡಿದವರ ಕಥೆಯನ್ನು ಅವರೇ ಹೇಳುತ್ತಾರೆ, ಅದನ್ನು ಕೇಳಬೇಕಾಗಿಲ್ಲ. ಈ ಜಾಗದಲ್ಲಿ ನಿಮಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು ಎಂದೂ ಕೇಳಿ. ಸೀರೆ ಅಂಗಡಿಯಲ್ಲಿ ಬಣ್ಣ ಹೋಗುತ್ತಾ ಅಂತ ಕೇಳಲು ನಾಚದ ನಮಗೆ ಇಲ್ಲಿ ಮಾತ್ರ ಯಾಕೋ ಸಂಕೋಚ!

ಇನ್ನು ನಿಮ್ಮ ಪಾಲಿಗೆ ಬರುವ ಬಡಾವಣೆ ಯಾವುದು? ಕಮಿಷನ್ ಕೆಲಸದಲ್ಲಿ ಅರ್ಧ ಹಣೆಬರಹ ಇಲ್ಲೇ ತೀರ್ಮಾನವಾಗುತ್ತದೆ. ಸೋಲಾರನ್ನೇ ತಗೊಳ್ಳಿ. 2023ರ ಆಗಸ್ಟ್‌ನಲ್ಲಿ ‘ಗೃಹಜ್ಯೋತಿ’ಯ ಶೂನ್ಯ ಬಿಲ್ ಶುರುವಾಯಿತು. ಕರೆಂಟಿಗೆ ದುಡ್ಡೇ ಕಟ್ಟದ ಮನೆಯವರಿಗೆ ತಾರಸಿ ಮೇಲಿನ ಪ್ಯಾನೆಲ್ ಯಾಕೆ ಬೇಕು? ಬಾಡಿಗೆ ಮನೆಯವರಿಗೆ ತಾರಸಿ ಇಲ್ಲ, ಅಪಾರ್ಟ್‌ಮೆಂಟಿನವರದ್ದು ಎಲ್ಲರ ತಾರಸಿ. ಉಳಿಯುವುದು ಸ್ವಂತ ಮನೆ, ದೊಡ್ಡ ಬಿಲ್ಲು, ಪಕ್ಕದ ಕಟ್ಟಡದ ನೆರಳು ಬೀಳದ ತಾರಸಿ ಇರುವವರು. ಅಂಥ ಬಡಾವಣೆ ಹಳಬರ ಕೈಲಿದ್ದು, ನಿಮಗೆ ಇಕ್ಕಟ್ಟಿನ ವಠಾರಗಳ ಏರಿಯಾ ಕೊಟ್ಟರೆ ಶೇ 1.5 ಯಾಕೆ, ಶೇ 3 ಕೊಟ್ಟರೂ ಅಷ್ಟೇ. ಕಂಪನಿಗೆ ತಾವಾಗಿ ಫೋನ್ ಮಾಡಿ ವಿಚಾರಿಸುವ ಗಿರಾಕಿಗಳನ್ನು ನಿಮಗೆ ಹಂಚುತ್ತಾರಾ, ಇಲ್ಲ ನೀವೇ ಹುಡುಕಬೇಕಾ ಎನ್ನುವುದೂ ಇದೇ ಪ್ರಶ್ನೆಯ ಇನ್ನೊಂದು ಮುಖ.

ಸರ್ಕಾರದ ಸಬ್ಸಿಡಿಯ ಮೇಲೆ ನಿಂತ ವ್ಯಾಪಾರವಾದರೆ ಅದರ ಆಯುಷ್ಯವನ್ನೂ ನೋಡಿಕೊಳ್ಳಿ. 2024ರ ಫೆಬ್ರುವರಿಯಲ್ಲಿ ಶುರುವಾದ ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಘಟಕಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇಟ್ಟರು. ಯೋಜನೆ ರೂಪಿಸಿದ್ದು 2026–27ನೇ ಹಣಕಾಸು ವರ್ಷದವರೆಗೆ. ಗಿರಾಕಿ ಒಪ್ಪುವುದೇ ಆ 78 ಸಾವಿರದ ಮುಖ ನೋಡಿ ಎಂದಾದರೆ, ಅದು ನಿಂತ ದಿನ ನಿಮ್ಮ ಟಾರ್ಗೆಟ್ಟೂ ಇಳಿಯುತ್ತದಾ? ಕೇಳಿ ನೋಡಿ, ಉತ್ತರ ಮಜವಾಗಿರುತ್ತದೆ.

ಕಮಿಷನ್ ‘ಎಷ್ಟು’ ಎಂದು ಎಲ್ಲರೂ ಕೇಳುತ್ತಾರೆ. ‘ಯಾವಾಗ’ ಎಂದು ಕೇಳುವವರು ಕಡಿಮೆ. ಗಿರಾಕಿ ಅಡ್ವಾನ್ಸ್ ಕೊಟ್ಟ ದಿನವಾ, ಪ್ಯಾನೆಲ್ ಕೂರಿಸಿದ ದಿನವಾ, ಪೂರ್ತಿ ಹಣ ಬಂದ ಮೇಲಾ? ತಾರಸಿ ಅಳತೆ, ಬ್ಯಾಂಕ್ ಸಾಲ, ಬೆಸ್ಕಾಂ ಅನುಮತಿ, ಕೆಲಸ, ಆಮೇಲೆ ಮೀಟರ್... ಯುಗಾದಿಗೆ ಹಿಡಿದ ಆರ್ಡರಿನ ಹಣ ಆಷಾಢಕ್ಕೆ ಕೈಸೇರಿದರೂ ಆಶ್ಚರ್ಯವಿಲ್ಲ. ಆಷಾಢ, ಧನುರ್ಮಾಸ, ಪಿತೃಪಕ್ಷದಲ್ಲಿ ಹೊಸ ವಸ್ತು ಮನೆಗೆ ತರಲು ಹಿಂಜರಿಯುವ ಜನ ನಾವು. ಮಳೆಗಾಲದಲ್ಲಿ ಬಿಸಿಲಿನ ಯಂತ್ರ ಮಾರುವುದು ಇನ್ನೂ ಕಷ್ಟ. ಆದ್ದರಿಂದ ಮೊದಲ ಮೂರು ತಿಂಗಳು ಬರೀ 18 ಸಾವಿರ ಎಂದೇ ಲೆಕ್ಕ ಹಾಕಿಕೊಳ್ಳಿ. ಆ ಮೂರು ತಿಂಗಳು ಮನೆ ಸಾಲದ ಕಂತು ತಡೆಯುತ್ತದಾ? ತಡೆಯದು ಎಂದಾದರೆ ಚೌಕಾಶಿ ಮಾಡಬೇಕಾದದ್ದು ಇಲ್ಲೇ: ‘ಮೊದಲ ಆರು ತಿಂಗಳು ಕಮಿಷನ್ ಬಂದರೂ ಬಾರದಿದ್ದರೂ ತಿಂಗಳಿಗೆ ಇಷ್ಟು ಖಾತ್ರಿ ಕೊಡಿ.’ ಕೆಲವರು ಇದಕ್ಕೆ ಒಪ್ಪುತ್ತಾರೆ, ಆದರೆ ಅಡ್ವಾನ್ಸ್ ಲೆಕ್ಕದಲ್ಲಿ. ಮುಂದೆ ಬರುವ ಕಮಿಷನ್ನಿನಲ್ಲಿ ಮುರಿದುಕೊಳ್ಳುತ್ತಾರೆ. ಅದು ಖಾತ್ರಿಯಲ್ಲ, ಸಾಲ. ಎರಡಕ್ಕೂ ವ್ಯತ್ಯಾಸ ಕೇಳಿ ತಿಳಿದುಕೊಂಡೇ ಸಹಿ ಹಾಕಿ.

ಶೇ 1.5 ಎಂದರೆ ಯಾವುದರ ಮೇಲೆ? ಜಿಎಸ್‌ಟಿ ಸೇರಿಸಿದ ಮೊತ್ತದ ಮೇಲೋ, ಬಿಟ್ಟೋ? ಮ್ಯಾನೇಜರು ಗಿರಾಕಿಗೆ ಹತ್ತು ಸಾವಿರ ಬಿಟ್ಟುಕೊಟ್ಟರೆ ಅದು ನಿಮ್ಮ ಪಾಲಿನಿಂದಲೂ ಹೋಗುತ್ತದಾ? ಗಿರಾಕಿ ಆಮೇಲೆ ಬೇಡ ಅಂದರೆ ಕೊಟ್ಟ ಕಮಿಷನ್ ವಾಪಸ್ ಕೇಳುತ್ತಾರಾ? ಎಲ್‌ಐಸಿ ಏಜೆಂಟರಿಗೆ ಪಾಲಿಸಿ ನಡೆಯುತ್ತಿರುವಷ್ಟು ಕಾಲ ರಿನ್ಯೂವಲ್ ಕಮಿಷನ್ ಬರುವುದು ನಿಮಗೆ ಗೊತ್ತೇ ಇದೆ. ಹಾಗೆಯೇ ನೀವು ತಂದ ಗಿರಾಕಿ ವರ್ಷ ವರ್ಷ ಸರ್ವಿಸ್ ಕಾಂಟ್ರಾಕ್ಟ್ ಮಾಡಿಸಿದರೆ ಅದರಲ್ಲಿ ನಿಮಗೆ ಪಾಲುಂಟಾ? ಸಿಕ್ಕರೂ ಸಿಗಬಹುದು, ಕೇಳುವುದಕ್ಕೇನು?

ಪಿ.ಎಫ್. ವಿಷಯವನ್ನು ಹೆಂಗಸರು ಗಂಡನ ಆಫೀಸಿನದ್ದು ಅಂತ ಬಿಟ್ಟುಬಿಡುತ್ತಾರೆ. 1952ರ ಪಿ.ಎಫ್. ಕಾಯ್ದೆಯಲ್ಲೇ ‘ಮೂಲ ವೇತನ’ದ ಲೆಕ್ಕದಿಂದ ಕಮಿಷನ್ನನ್ನು ಹೊರಗಿಟ್ಟಿದ್ದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳೂ ಕಮಿಷನ್ನನ್ನು ವೇತನದಿಂದ ಹೊರಗೇ ಇಟ್ಟಿವೆ. ಒಂದು ಬದಲಾವಣೆ ಏನೆಂದರೆ, ಹೀಗೆ ಹೊರಗಿಟ್ಟ ಬಾಬ್ತುಗಳು ಒಟ್ಟು ಸಂಭಾವನೆಯ ಅರ್ಧಕ್ಕಿಂತ ಹೆಚ್ಚಾದರೆ, ಹೆಚ್ಚಾದಷ್ಟನ್ನು ವೇತನಕ್ಕೇ ಸೇರಿಸಬೇಕು. ಇದರರ್ಥ, ಕಾಗದದ ಮೇಲೆ ಒಂದೇ ಮೊತ್ತ ಕಂಡರೂ ಕಮಿಷನ್ ಜಾಸ್ತಿ ಇರುವ ಕೆಲಸದಲ್ಲಿ ಪಿ.ಎಫ್., ಗ್ರಾಚುಟಿ ಸೊರಗಬಹುದು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳಲ್ಲಿ ವೇತನ ಚುಕ್ತಾ ಮಾಡಬೇಕು ಎಂಬ ಒಳ್ಳೆಯ ನಿಯಮವೂ ಹೊಸ ಸಂಹಿತೆಯಲ್ಲಿದೆ. ಆದರೆ ಬಾಕಿ ಕಮಿಷನ್ ಆ ‘ವೇತನ’ದೊಳಗೆ ಬರುವುದಿಲ್ಲವಾದ್ದರಿಂದ ಅದಕ್ಕೆ ನಿಮ್ಮ ನೇಮಕಾತಿ ಪತ್ರವೇ ದಿಕ್ಕು. ಬ್ಯಾಂಕಿನವರೂ ಜಂಟಿ ಸಾಲ ಕೊಡುವಾಗ ಗಟ್ಟಿ ಸಂಬಳವನ್ನು ನೋಡುವಷ್ಟು ಉದಾರವಾಗಿ ಕಮಿಷನ್ನನ್ನು ನೋಡುವುದಿಲ್ಲ.

ನಿಮ್ಮನ್ನು ನೌಕರರಾಗಿ ತಗೊಳ್ಳುತ್ತಾರಾ, ಏಜೆಂಟ್ ಅಂತ ಬರೆದುಕೊಳ್ಳುತ್ತಾರಾ ಎನ್ನುವುದನ್ನೂ ಮರೆಯದೆ ನೋಡಿ. ನೌಕರರ ಕಮಿಷನ್ ಸಂಬಳದ ಭಾಗವಾಗಿಯೇ ತೆರಿಗೆಗೆ ಬರುತ್ತದೆ. ಏಜೆಂಟ್ ಆದರೆ ಪಿ.ಎಫ್. ಇಲ್ಲ, ರಜೆ ಇಲ್ಲ. ಯಾರಾದರೂ ‘ಟ್ರೇನಿಂಗ್ ಫೀಸು’, ‘ಕಿಟ್ಟಿನ ಡಿಪಾಸಿಟ್ಟು’, ‘ನಿಮ್ಮ ಕೆಳಗೆ ನಾಲ್ಕು ಜನ ಸೇರಿಸಿ’ ಅಂದರೆ ಅದು ಕೆಲಸವೇ ಅಲ್ಲ, ಬ್ಯಾಗು ತಗೊಂಡು ಎದ್ದು ಬನ್ನಿ. ನೇರ ಮಾರಾಟದ ಕಂಪನಿಗಳೂ ಸೇರಿಸಿಕೊಳ್ಳಲು ಫೀಸು ವಸೂಲಿ ಮಾಡಬಾರದು, ಪಿರಮಿಡ್ ಜಾಲ ನಡೆಸಬಾರದು ಎಂದು 2021ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ನಿಯಮವೇ ಹೇಳುತ್ತದೆ.

ಈಗ ಅತ್ತೆಯವರ ಮಾತಿಗೆ ಬರೋಣ. ಜನ ಏನಂದ್ಕೋತಾರೆ ಎನ್ನುವುದಕ್ಕೆ ನಮ್ಮ ಹತ್ತಿರ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ಮಾತಿನ ಒಳಗಿನ ಆತಂಕ ಸುಳ್ಳಲ್ಲ. ಅಪರಿಚಿತರ ಮನೆ, ಅದರಲ್ಲೂ ತಾರಸಿ, ಒಬ್ಬರೇ. ಜೊತೆಗೆ ಟೆಕ್ನೀಷಿಯನ್ ಬರುತ್ತಾರಾ? ಸಂಜೆ ಏಳರ ಮೇಲೆ ಭೇಟಿ ಬೇಡ ಅನ್ನುವ ಹಕ್ಕು ನಿಮಗಿದೆಯಾ? ಹೆಂಗಸರಿಗೆ ಕೆಲಸದ ಜಾಗದಲ್ಲಿ ಆಗುವ ಕಿರುಕುಳದ ವಿರುದ್ಧದ 2013ರ ಕಾಯ್ದೆಯಲ್ಲಿ ಕೆಲಸದ ಜಾಗ ಅಂದರೆ ಆಫೀಸು ಮಾತ್ರವಲ್ಲ, ಕೆಲಸದ ಮೇಲೆ ಹೋದ ಜಾಗವೂ ಸೇರುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಂಪನಿಯಲ್ಲಿ ದೂರು ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆ ಎಂದು ಕೇಳಿದಾಗ ಎಚ್.ಆರ್. ತಡವರಿಸಿದರೆ ಅದನ್ನೂ ಗಮನಿಸಿ.

ಇದಕ್ಕಿಂತ ದಿನನಿತ್ಯದ ತೊಡಕು ಸಮಯದ್ದು. ಗಂಡ–ಹೆಂಡತಿ ಇಬ್ಬರೂ ಕೂತು ಎರಡು ಲಕ್ಷದ ತೀರ್ಮಾನ ಮಾಡುವುದು ಭಾನುವಾರ, ಇಲ್ಲವೇ ಸಂಜೆ. ಅಂದರೆ ಗಿರಾಕಿಯ ಬಿಡುವೇ ನಿಮ್ಮ ಡ್ಯೂಟಿ. ‘ಎಂಟೂವರೆಯಿಂದ ಮೂರೂವರೆ’ ಎಂದುಕೊಂಡು ಹೊರಟವರಿಗೆ ಈ ಕೆಲಸ ಹೊಂದುವುದಿಲ್ಲ. ಮಕ್ಕಳ ಹೋಂವರ್ಕ್, ರಾತ್ರಿ ಅಡುಗೆಯನ್ನು ಯಾರಾದರೂ ಹೊರಬೇಕು. ಯಜಮಾನರು ಭಾನುವಾರ ಮಧ್ಯಾಹ್ನ ಕುಕ್ಕರ್ ಇಡುತ್ತಾರಾ? ಆಫರ್ ಲೆಟರಿಗಿಂತ ಮೊದಲು ಇದನ್ನು ಮನೆಯಲ್ಲಿ ಬಗೆಹರಿಸಿಕೊಳ್ಳಬೇಕು.

ಇಷ್ಟೆಲ್ಲ ಹೇಳಿದೆವೆಂದು ಕಮಿಷನ್ ಕೆಲಸವೇ ಕೆಟ್ಟದ್ದು ಅಂತ ತಿಳಿಯಬೇಡಿ. ಕೂತ ಕೆಲಸದ 28 ಸಾವಿರ ಮೂರು ವರ್ಷವಾದರೂ 33 ದಾಟದೇ ಇರಬಹುದು. ಸೋಲಾರಿನಲ್ಲಿ ವರ್ಷ ಕಳೆದರೆ ಹಾಕಿಸಿಕೊಂಡವರೇ ಪಕ್ಕದ ಮನೆಯವರನ್ನು ತೋರಿಸುತ್ತಾರೆ, ಹತ್ತರಲ್ಲಿ ಒಂದು ಇದ್ದದ್ದು ಐದರಲ್ಲಿ ಒಂದಾಗುತ್ತದೆ. ಒಂಬತ್ತು ವರ್ಷ ತುಕ್ಕು ಹಿಡಿದ ಓದು ಮತ್ತೆ ಹೊಳೆಯುವುದೂ ಅಲ್ಲೇ. ಪಕ್ಕದ ಮನೆಯ ತೆಂಗಿನಮರದ ನೆರಳು ಒಂದು ಪ್ಯಾನೆಲ್ ಮೇಲೆ ಬಿದ್ದರೆ ಅದರ ಜೊತೆ ಜೋಡಿಸಿದ ಉಳಿದವುಗಳ ಉತ್ಪಾದನೆಯೂ ಕುಸಿಯಬಹುದು ಎಂದು ತಿಳಿದು ಹೇಳಬಲ್ಲವರನ್ನು ಗಿರಾಕಿ ನಂಬುತ್ತಾನೆ. ಗೃಹಿಣಿಗೆ ಗೃಹಿಣಿ ಕರೆಂಟ್ ಬಿಲ್ಲಿನ ಲೆಕ್ಕ ಹೇಳಿದರಂತೂ ಕೇಳುವುದೇ ಬೇಡ.

ಒಂದು ಮುಜುಗರ ಮಾತ್ರ ಇದ್ದೇ ಇರುತ್ತದೆ. ‘ಈ ತಾರಸಿಗೆ ಸೋಲಾರ್ ಹಾಕಿಸಿದರೆ ನಿಮಗೆ ಗಿಟ್ಟೋದಿಲ್ಲ’ ಎಂದು ಓದಿದವರು ಹೇಳಬೇಕಾದ ದಿನ ಬರುತ್ತದೆ. ಹಾಗೆ ಹೇಳಿದರೆ 3 ಸಾವಿರ ಹೋಯಿತು. ತಿಂಗಳ ಕೊನೆ, ಕಂತಿನ ದಿನ ಹತ್ತಿರ, ಟಾರ್ಗೆಟ್ ಆಗಿಲ್ಲ ಅಂದಾಗ ನಾಲಿಗೆ ಯಾವ ಕಡೆ ಹೊರಳುತ್ತದೆ? ಮನೆ ಸಾಗುವಷ್ಟು ಗಟ್ಟಿ ಸಂಬಳ ಇದ್ದರೆ ನಿಜ ಹೇಳುವುದು ಕಷ್ಟವಲ್ಲ. ಅದಕ್ಕೇ ನಮ್ಮ ಸಲಹೆ: ಕಮಿಷನ್ ದರ ಏರಿಸಿ ಎಂದು ಕೇಳಬೇಡಿ, ಸಂಬಳ ಏರಿಸಿ ಎನ್ನಿ. 18ರ ಬದಲು 23 ಸಾವಿರ ಕೊಟ್ಟು ಕಮಿಷನ್ ಶೇ 1ಕ್ಕೆ ಇಳಿಸಿದರೂ ಒಪ್ಪಬಹುದು. ಐದು ಆರ್ಡರಿಗೆ ಕಮಿಷನ್ನಿನಲ್ಲಿ ಹೋಗುವುದು 5 ಸಾವಿರ, ಸಂಬಳದಲ್ಲಿ ಬರುವುದೂ 5 ಸಾವಿರ. ಆರ್ಡರ್ ಕಡಿಮೆಯಾದ ತಿಂಗಳಲ್ಲಿ ಲಾಭ ನಿಮ್ಮದೇ.

ಮಾತಾಡಿದ್ದನ್ನೆಲ್ಲ, ಅಂದರೆ ಏರಿಯಾ, ಕಮಿಷನ್ ಕೊಡುವ ದಿನ, ಪೆಟ್ರೋಲ್ ಖರ್ಚು, ಕೆಲಸ ಬಿಟ್ಟರೆ ಬಾಕಿ ಆರ್ಡರಿನ ಹಣ ಇವನ್ನೆಲ್ಲ ಅದೇ ಸಂಜೆ ಒಂದು ಇ–ಮೇಲ್ ಬರೆದು ‘ನಾನು ಅರ್ಥ ಮಾಡಿಕೊಂಡದ್ದು ಸರಿಯೇ?’ ಎಂದು ಕಳಿಸಿ. ಹೌದು ಎಂದು ಉತ್ತರ ಬಂದರೆ, ಮೂರು ತಿಂಗಳ ಕಂತಿನ ದುಡ್ಡು ಕೈಲಿದ್ದರೆ, ಧೈರ್ಯವಾಗಿ ಸೋಲಾರಿಗೇ ಸೇರಿ. ‘ಅದೆಲ್ಲ ಬರವಣಿಗೆಯಲ್ಲಿ ಕೊಡಕ್ಕಾಗಲ್ಲ ಮೇಡಂ, ನಂಬಿಕೆ ಇರಲಿ’ ಅಂದರೆ ಸೋಮವಾರವೇ ಯುಪಿಎಸ್ ಕಂಪನಿಗೆ ಹೋಗಿ ಸೇರಿಕೊಳ್ಳಿ.