ಪಂದ್ಯಕ್ಕೆ ಟ್ರೋಫಿ ಇದೆ, ಗಾಯಕ್ಕೆ ಯಾರಿದ್ದಾರೆ?

ಸಾರಥಿಯ ಯುವಕನೊಬ್ಬ ತಾಯಿಯ ಹೆಗಲು ಹಿಡಿದು ನನ್ನ ಬಳಿಗೆ ಬಂದಿದ್ದ. ಕಬಡ್ಡಿ ಪಂದ್ಯದಲ್ಲಿ ಮೊಣಕಾಲು ತಿರುಚಿ ಎಂಟು ದಿನವಾಗಿತ್ತು. ಜೊತೆಗಿದ್ದವರು ಅಲ್ಲೇ ಜೋರಾಗಿ ತಿಕ್ಕಿ, ಬಟ್ಟೆ ಬಿಗಿದು ಮತ್ತೆ ಆಡಲು ಇಳಿಸಿದ್ದರು. “ಹಕೀಮ್ ಸಾಹೇಬರೇ, ಒಳ್ಳೆಯ ಎಣ್ಣೆ ಕೊಡಿ, ಸೋಮವಾರ ಗ್ಯಾರೇಜಿಗೆ ಹೋಗಲೇಬೇಕು” ಎಂದರು ತಾಯಿ. ನಾನು ಎಣ್ಣೆ ಕೊಡಲಿಲ್ಲ, ಮೂಳೆ ವೈದ್ಯರ ಬಳಿಗೆ ಕಳಿಸಿದೆ. ಲಿಗಮೆಂಟ್ ಹರಿದಿತ್ತು.

ಇದರ ಲೆಕ್ಕ ನೋಡಿ. ದಿನಕ್ಕೆ 500 ರೂಪಾಯಿ ದುಡಿಯುವ ಹುಡುಗ ಹತ್ತು ವಾರ ಮನೆಯಲ್ಲಿ ಕುಳಿತರೆ, ವಾರಕ್ಕೆ ಆರು ದಿನದಂತೆ 30,000 ರೂಪಾಯಿ ಹೋಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ನೆರವಿದೆ, ನಿಜ. ಆದರೆ ಆ ಕಾರ್ಡು ತಪ್ಪಿದ ಕೂಲಿಯನ್ನು ತುಂಬಿಕೊಡುವುದಿಲ್ಲ, ಅಡವಿಟ್ಟ ಬಂಗಾರವನ್ನು ಬಿಡಿಸಿಕೊಡುವುದಿಲ್ಲ.

ಗಾಯವಾಗದಂತೆ ನೋಡಿಕೊಳ್ಳುವುದು, ಆದರೆ ಕೂಡಲೇ ಗುರುತಿಸಿ ಆಟಗಾರನನ್ನು ಹೊರಗೆ ಕೂರಿಸುವುದು ಒಂದು ಪ್ರತ್ಯೇಕ ವಿದ್ಯೆ. ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೇನರ್ ಎಂಬ ತರಬೇತಾದವರು ಈ ಕೆಲಸ ಮಾಡುತ್ತಾರೆ. ಅಲ್ಲಿನ ವೈದ್ಯಕೀಯ ಸಂಘ 1990ರಲ್ಲೇ ಇದನ್ನು ಆರೋಗ್ಯ ವೃತ್ತಿಯೆಂದು ಒಪ್ಪಿಕೊಂಡಿದೆ. ನಾರ್ವೆಯಲ್ಲಿ ಫುಟ್‌ಬಾಲ್ ಆಡುವ ಬಾಲಕಿಯರಿಗೆ ಆಟಕ್ಕೆ ಮೊದಲು ಸುಮಾರು 20 ನಿಮಿಷದ ಕ್ರಮಬದ್ಧ ವ್ಯಾಯಾಮ ಮಾಡಿಸಿದಾಗ ತೀವ್ರ ಗಾಯಗಳು ಅರ್ಧಕ್ಕೆ ಹತ್ತಿರದಷ್ಟು ಕಡಿಮೆಯಾದವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆ ವ್ಯಾಯಾಮಕ್ಕೆ ಯಂತ್ರ ಬೇಕಿಲ್ಲ, ಹೇಳಿಕೊಡುವವರು ಬೇಕು.

ಯೂನಾನಿಗೂ ಇದು ಹೊಸದಲ್ಲ. ನಮ್ಮ ವೈದ್ಯಪದ್ಧತಿಯ ಹಿರಿಯ ಜಾಲೀನೂಸ್ 28ನೇ ವಯಸ್ಸಿನಲ್ಲಿ ಪೆರ್ಗಮಮ್ ನಗರದ ಕಾಳಗದ ಮಲ್ಲರಿಗೆ ವೈದ್ಯನಾಗಿದ್ದ. ತನ್ನ ಕಾಲದಲ್ಲಿ ಸಾವು ಬಹಳ ಕಡಿಮೆಯಾಯಿತೆಂದು ಆತನೇ ಬರೆದಿದ್ದಾನೆ. ಮಲ್ಲರನ್ನು ಸಾಕುವವರಿಗೆ ವೈದ್ಯನ ಸಂಬಳಕ್ಕಿಂತ ಮಲ್ಲನ ನಷ್ಟವೇ ದುಬಾರಿ ಎಂಬುದು ಗೊತ್ತಿತ್ತು. ಇಬ್ನ್ ಸೀನಾ ಕೂಡ ರಿಯಾಜತ್ ಮತ್ತು ದಲ್ಕ್, ಅಂದರೆ ವ್ಯಾಯಾಮ ಮತ್ತು ಮಾಲೀಸು, ಎರಡಕ್ಕೂ ಕ್ರಮ ಹೇಳಿದ್ದಾರೆ.

ದಾವಣಗೆರೆಯ ಗರಡಿಮನೆಗಳಲ್ಲಿ ಉಸ್ತಾದರು ಇದನ್ನೇ ಮಾಡುತ್ತಿದ್ದರು. ಮೈ ಬಿಸಿಯಾಗದೆ ಮಟ್ಟಿಗೆ ಇಳಿಯಲು ಬಿಡುತ್ತಿರಲಿಲ್ಲ, ದಣಿದವನನ್ನು ಹೊರಗೆ ಕರೆಯುತ್ತಿದ್ದರು. ಹೊಸ ಊತವನ್ನೂ ತಿಕ್ಕುವ ತಪ್ಪು ಅಲ್ಲೂ ಇತ್ತು. ಅದನ್ನು ಬಿಡೋಣ, ಕಾಳಜಿಯನ್ನು ಉಳಿಸಿಕೊಳ್ಳೋಣ. ಇಂದಿನ ಟೂರ್ನಮೆಂಟಿಗೆ ಮೈಕ್, ಪೆಂಡಾಲ್, ಟ್ರೋಫಿ ಎಲ್ಲವೂ ಇವೆ. ಗಾಯ ನೋಡುವವರು ಮಾತ್ರ ಇಲ್ಲ.

“ನಮ್ಮಂಥ ಬಡವರಿಗೆ ಇದೆಲ್ಲ ಎಲ್ಲಿಂದ?” ಎನ್ನಬಹುದು. ಎಂಟು ಕಬಡ್ಡಿ ತಂಡ, ತಂಡಕ್ಕೆ 12 ಆಟಗಾರರು, ತಲೆಗೆ 50 ರೂಪಾಯಿ ಎಂದರೆ 4,800 ರೂಪಾಯಿ. ಒಬ್ಬ ಫಿಸಿಯೋಥೆರಪಿಸ್ಟರ ಒಂದು ದಿನದ ಸಂಭಾವನೆ, ಬ್ಯಾಂಡೇಜು, ಮಂಜುಗಡ್ಡೆಗೆ ಇದರಿಂದ ದಾರಿಯಾಗುತ್ತದೆ. ಕಡಿಮೆ ಬಿದ್ದರೆ ಟ್ರೋಫಿಯನ್ನು ಒಂದು ಗೇಣು ಚಿಕ್ಕದು ಮಾಡಿ. ಶಾಲೆಗಳ ದೈಹಿಕ ಶಿಕ್ಷಕರಿಗೆ ಈ ತರಬೇತಿ ಕೊಡಿಸುವುದು ಸರ್ಕಾರದ ಹೊಣೆ. ಖೋಖೋ, ಥ್ರೋಬಾಲ್ ಆಡುವ ನಮ್ಮ ಹೆಣ್ಣುಮಕ್ಕಳಿಗೂ ಅದರ ಅಗತ್ಯವಿದೆ.

ಅಲ್ಲಿಯವರೆಗೆ ಮನೆಯವರು ಇಷ್ಟು ನೆನಪಿಡಿ. ಉಳುಕಿದ ಮೊದಲ ಎರಡು ದಿನ ಮಾಲೀಸು ಬೇಡ, ಬಿಸಿ ಶಾಖವೂ ಬೇಡ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ, ಹದವಾಗಿ ಪಟ್ಟಿ ಕಟ್ಟಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಮಾಡಿಸಿ. ತಲೆಗೆ ಪೆಟ್ಟು ಬಿದ್ದವನು ಅಂದು ಮತ್ತೆ ಆಡಬಾರದು. ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಮಕ್ಕಳ ದೇಹ ನಮ್ಮ ಕೈಯಲ್ಲಿರುವ ಅಮಾನತ್. ಮುಂದಿನ ಪಂದ್ಯದ ಚಂದಾ ಕೇಳಲು ಹುಡುಗರು ಬಂದಾಗ ಖಂಡಿತ ಕೊಡಿ. ಕೊಡುವ ಮೊದಲು ಒಂದು ಮಾತು ಕೇಳಿ: “ಯಾರಾದರೂ ಬಿದ್ದರೆ ನೋಡುವವರು ಯಾರು?”