ಸೆರೆಹಿಡಿದವನನ್ನು ನೆನೆದೆವು, ಸೆರೆಯಾದವರನ್ನು ಮರೆತೆವು

ನಮ್ಮ ಕೊಡಗಿನ ಮಾದಾಪುರದ ಹೋಟೆಲಿನಲ್ಲಿ ಮಳೆ ಬಿಡಲೆಂದು ಕಾದು ಕೂತ ಹುಡುಗರನ್ನು ವೀರಪ್ಪನ್ ಯಾರೆಂದು ಕೇಳಿ. ಮೀಸೆಯಿಂದ ಹಿಡಿದು ಹೊಡೆದ ಆನೆಗಳ ಲೆಕ್ಕದವರೆಗೆ ಎಲ್ಲವನ್ನೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಎಚ್. ನಾಗಪ್ಪ ಯಾರೆಂದು ಕೇಳಿ. ಹುಡುಗರು ಸುಮ್ಮನಾಗುತ್ತಾರೆ. ಅದು ಅವರ ತಪ್ಪಲ್ಲ. ಪಕ್ಕದ ಬೆಂಚಿನಲ್ಲಿ ಕೂತ ಅಪ್ಪಂದಿರೂ ಸುಮ್ಮನಾಗುತ್ತಾರಲ್ಲ, ತಪ್ಪು ಅಲ್ಲಿದೆ. ಮಕ್ಕಳ ಕಿವಿಗೆ ಒಂದು ಹೆಸರನ್ನು ಊದಿದವರು ನಾವು. ಇನ್ನೊಂದನ್ನು ಹೇಳದೆ ನುಂಗಿಕೊಂಡವರೂ ನಾವೇ.

2002ರ ಆಗಸ್ಟ್ 25ರಂದು ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕೊಳ್ಳೇಗಾಲ ತಾಲ್ಲೂಕಿನ ಕಾಮಗೆರೆಯ ಅವರ ಮನೆಯಿಂದಲೇ ಕಾಡುಗಳ್ಳ ವೀರಪ್ಪನ್ ಕಡೆಯವರು ಎತ್ತಿಕೊಂಡು ಹೋದರು. ಕೈಯಲ್ಲಿ ಆಯುಧವಿಲ್ಲದ, ಜನರ ಮತ ಪಡೆದು ಶಾಸಕರಾಗಿದ್ದ ಮನುಷ್ಯ. ಡಿಸೆಂಬರ್ 8ರಂದು ಚಂಗಡಿಯ ಕಾಡಿನಲ್ಲಿ ಅವರ ಶವ ಸಿಕ್ಕಿತು. ಅಂದಿಗೆ ಅವರು ಮನೆ ಬಿಟ್ಟು 106ನೇ ದಿನ. ಅದಕ್ಕೆ ಎರಡು ವರ್ಷ ಮೊದಲು, 2000ದ ಜುಲೈ 30ರಂದು, ಗಾಜನೂರಿನಿಂದ ಅದೇ ಕೈಗಳು ಡಾ. ರಾಜ್‌ಕುಮಾರ್ ಅವರನ್ನು ಒಯ್ದಿದ್ದವು. ಅವರು 108 ದಿನಗಳ ಬಳಿಕ ಜೀವಸಹಿತ ಮರಳಿದರು. ಆ 108ನ್ನು ನಾಡು ಇಂದಿಗೂ ಬಾಯಿಪಾಠವಾಗಿ ಹೇಳುತ್ತದೆ. ಈ 106ನ್ನು ಎಣಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಕಾಡುಗಳ್ಳನೊಬ್ಬನ ಅಪರಾಧ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕಾಡಿನಲ್ಲಿ ಇದ್ದದ್ದು ಬರಿಯ ಕಳ್ಳತನವಲ್ಲ, ಒಂದು ಆಡಳಿತ. ಅದಕ್ಕೆ ಬಾವುಟವಿರಲಿಲ್ಲ, ಯಾವ ದೇಶದ ಮನ್ನಣೆಯೂ ಇರಲಿಲ್ಲ. ಆದರೂ ಅದು ಜನರನ್ನು ಸೆರೆ ಹಿಡಿಯುತ್ತಿತ್ತು, ತಾನೇ ವಿಚಾರಿಸಿ ತಾನೇ ಶಿಕ್ಷೆ ಕೊಡುತ್ತಿತ್ತು, ಕ್ಯಾಸೆಟ್ಟಿನಲ್ಲಿ ಆಜ್ಞೆ ಕಳಿಸುತ್ತಿತ್ತು, ಸರ್ಕಾರದ ದೂತರನ್ನು ಬರಮಾಡಿಕೊಳ್ಳುತ್ತಿತ್ತು. ಕಾವೇರಿ ಮಧ್ಯಂತರ ತೀರ್ಪು ಜಾರಿಯಾಗಲಿ, ಕರ್ನಾಟಕದಲ್ಲಿ ತಮಿಳಿಗೆ ಆಡಳಿತ ಭಾಷೆಯ ಸ್ಥಾನ ಸಿಗಲಿ, ಟಾಡಾ ಕಾಯ್ದೆಯಡಿ ಸೆರೆಯಲ್ಲಿದ್ದ ಕೈದಿಗಳು ಬಿಡುಗಡೆಯಾಗಲಿ ಎಂದು ಎರಡು ಚುನಾಯಿತ ಸರ್ಕಾರಗಳ ಮುಂದೆ ಬೇಡಿಕೆ ಇಟ್ಟಿತು. ಕಾಗದದಲ್ಲಿ ನಾವು ಅದಕ್ಕೆ ಮನ್ನಣೆ ಕೊಡಲಿಲ್ಲ, ನಿಜ. ನಡತೆಯಲ್ಲಿ ಕೊಟ್ಟೆವು.

ಅದು ಒಂದೇ ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಕದ್ದ ಗಂಧಕ್ಕೆ, ದಂತಕ್ಕೆ ಕೊಳ್ಳುವವರಿದ್ದರು. ಅವರು ಕಾಡಿನಲ್ಲಿರಲಿಲ್ಲ, ನಮ್ಮ ಪೇಟೆಗಳಲ್ಲಿದ್ದರು. ಗೋಪಿನಾಥಂ ಜನರ ನಡುವೆ ಬಾಳಿ ಅವರಿಗಾಗಿ ದುಡಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರಿನಲ್ಲಿ ಕೊಂದಾಗ ನಾವು ಒಂದು ದಿನ ಮರುಗಿದೆವು. 1992ರ ಆಗಸ್ಟಿನಲ್ಲಿ ಎಸ್‌ಪಿ ಹರಿಕೃಷ್ಣ ಮತ್ತು ಎಸ್‌ಐ ಶಕೀಲ್ ಅಹ್ಮದ್ ಬಿದ್ದಾಗ ಇನ್ನೊಂದು ದಿನ. 1993ರ ಏಪ್ರಿಲಿನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತಾಗ ಮತ್ತೊಂದು ದಿನ. ಅತ್ತ ವೀರಪ್ಪನ್‌ನನ್ನು ಹುಡುಕುವ ಹೆಸರಿನಲ್ಲಿ ಕಾಡಂಚಿನ ಬಡವರನ್ನು ಹಿಡಿದು ಹಿಂಸಿಸಿದ ದೂರುಗಳು ರಾಶಿ ಬಿದ್ದವು. ನ್ಯಾಯಮೂರ್ತಿ ಸದಾಶಿವ ಸಮಿತಿ ಅವನ್ನು ವಿಚಾರಿಸಿತು. ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸುವ ಹೊತ್ತಿಗೆ 2007 ಬಂದಿತ್ತು. ಕಳ್ಳನಿಗೂ ಪೊಲೀಸರಿಗೂ ನಡುವೆ ಸಿಕ್ಕಿ ಅರೆದುಹೋದ ಆ ಜನರ ಕೂಗು ನಮಗೆ ಕೇಳಿಸದೆ ಇರಲಿಲ್ಲ. ಕೇಳಿಸಿಯೂ ನಾವು ಎದ್ದು ಹೋಗಲಿಲ್ಲ.

ರಾಜ್‌ಕುಮಾರ್ ಸೆರೆಯಾದಾಗ ನಾಡು ಅತ್ತದ್ದು ತಪ್ಪಲ್ಲ. ಆದರೆ ಆ ಅಳುವಿನಲ್ಲಿ ನಾವು ಏನನ್ನು ಬಿಟ್ಟುಕೊಡಲು ತಯಾರಾಗಿದ್ದೆವು? ಟಾಡಾ ಕೈದಿಗಳನ್ನು ಬಿಟ್ಟುಬಿಡಲು ಸರ್ಕಾರ ಮುಂದಾದಾಗ ಅದನ್ನು ತಡೆಯಲು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಅಬ್ದುಲ್ ಕರೀಂ, ಹುತಾತ್ಮ ಶಕೀಲ್ ಅಹ್ಮದರ ತಂದೆ. ಮಗನನ್ನು ಕಳೆದುಕೊಂಡ ಒಬ್ಬ ಮುದುಕ ಹೊರಬೇಕಾಗಿ ಬಂದ ಆ ಭಾರ ನಮ್ಮೆಲ್ಲರ ಹೆಗಲಿನದು. ನಾವು ಹೆಗಲು ಕೊಡಲಿಲ್ಲ. ಪ್ರೀತಿಯ ನಟ ಮನೆಗೆ ಬಂದರು, ದೀಪ ಹಚ್ಚಿದೆವು, ಮರೆತೆವು. ಸೆರೆಮನೆಯ ಬಾಗಿಲು ಮುಚ್ಚಿತೇ ಎಂದು ತಿರುಗಿ ನೋಡಲಿಲ್ಲ. ಮುಚ್ಚಿರಲಿಲ್ಲ. ಎರಡೇ ವರ್ಷದಲ್ಲಿ ಅದೇ ಬಾಗಿಲು ನಾಗಪ್ಪನವರನ್ನು ಒಳಗೆಳೆದುಕೊಂಡಿತು.

ಅವರು ಕಾಡಿನಲ್ಲಿದ್ದ ಆ ತಿಂಗಳುಗಳಲ್ಲಿ ನಾಡು ನಿದ್ದೆ ಮಾಡುತ್ತಿರಲಿಲ್ಲ. ಕಾವೇರಿಗಾಗಿ ಎದ್ದು ನಿಂತಿತ್ತು. ಅಕ್ಟೋಬರಿನಲ್ಲಿ ಮುಖ್ಯಮಂತ್ರಿಯೇ ಮಂಡ್ಯದತ್ತ ಪಾದಯಾತ್ರೆ ಹೊರಟರು. ರೈತನ ಸಂಕಟ ಸುಳ್ಳಾಗಿರಲಿಲ್ಲ, ಆ ಹೋರಾಟವನ್ನು ಹಳಿಯುವ ಹಕ್ಕು ನನಗಿಲ್ಲ. ಆದರೆ ಲಕ್ಷ ಕಾಲುಗಳು ನೀರಿಗಾಗಿ ನಡೆಯಬಲ್ಲವಾದರೆ ಒಬ್ಬ ಮನುಷ್ಯನಿಗಾಗಿ ನೂರು ಹೆಜ್ಜೆ ಏಕೆ ಭಾರವಾದವು? ಕಾಮಗೆರೆಯ ಸುತ್ತಿನ ಜನ ಗೋಳಾಡಿದರು. ಉಳಿದ ಜಿಲ್ಲೆಗಳ ನಾವು ‘ಅದು ಆ ಕಡೆಯ ಗಲಾಟೆ’ ಎಂದೆವು. ಕೊಡಗಿನವರಾದ ನಮಗೆ ಆ ಮಾತು ಆಡುವ ಬಾಯಿಯೇ ಇರಬಾರದಿತ್ತು. ನಮ್ಮ ಮಾದಾಪುರ ಹೊಳೆ ಹಾರಂಗಿಗೆ ಸೇರುತ್ತದೆ, ಹಾರಂಗಿ ಕಾವೇರಿಗೆ. ಆ ಕಾವೇರಿ ಹರಿಯುವುದು ನಾಗಪ್ಪ ಸೆರೆಯಾಗಿದ್ದ ಬೆಟ್ಟಗಳ ಅಂಚಿನಲ್ಲೇ. ನಮ್ಮ ನೀರು ಮುಟ್ಟಿದ ಕಡೆಗೆ ನಮ್ಮ ಮನಸ್ಸು ಮುಟ್ಟಲಿಲ್ಲ.

ಲೋಕದಲ್ಲಿ ಬೇರೆ ಬಗೆಯ ಜನರೂ ಇದ್ದಾರೆ. ಮಾಲ್ಡೋವಾದಿಂದ ಸಿಡಿದು ನಿಂತ, ಯಾವ ರಾಷ್ಟ್ರವೂ ಒಪ್ಪದ ಟ್ರಾನ್ಸ್‌ನಿಸ್ಟ್ರಿಯಾದ ಆಡಳಿತ 1992ರಲ್ಲಿ ಇಲಿಯೆ ಇಲಾಷ್ಕು ಎಂಬ ರಾಜಕಾರಣಿಯನ್ನು ಸೆರೆಹಿಡಿದು ಮರುವರ್ಷ ಮರಣದಂಡನೆ ವಿಧಿಸಿತು. ಮಾಲ್ಡೋವಾದ ಮತದಾರರು ಏನು ಮಾಡಿದರು? 1994ರಲ್ಲಿ, ಅವರು ಸೆರೆಯಲ್ಲಿರುವಾಗಲೇ, ತಮ್ಮ ಸಂಸತ್ತಿಗೆ ಆರಿಸಿದರು. 2000ದಲ್ಲಿ ರುಮೇನಿಯದವರು ತಮ್ಮ ಸೆನೆಟ್ಟಿಗೆ ಆರಿಸಿದರು. ಯುರೋಪಿನ ಮಂಡಳಿ ವರ್ಷಗಟ್ಟಲೆ ಒತ್ತಾಯ ಬಿಡಲಿಲ್ಲ. 2001ರ ಮೇ ತಿಂಗಳಲ್ಲಿ ಇಲಾಷ್ಕು ಹೊರಬಂದರು. 2004ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆ ಆಡಳಿತಕ್ಕೆ ಬೆಂಬಲವಾಗಿದ್ದ ರಷ್ಯಾದ ಜೊತೆಗೆ ಮಾಲ್ಡೋವಾವನ್ನೂ ಹೊಣೆ ಮಾಡಿತು. ನೆಲ ತನ್ನ ಹಿಡಿತದಲ್ಲಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಸೆರೆಯಾದವರಿಗಾಗಿ ಮಾಡಬಹುದಾದದ್ದನ್ನು ಮಾಡುವ ಹೊಣೆ ರಾಜ್ಯಕ್ಕೆ ತಪ್ಪುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ‘ಕಾಡು ನಮ್ಮ ಕೈಯಲ್ಲಿಲ್ಲ’ ಎಂದವರೂ ‘ನಮ್ಮ ಜಿಲ್ಲೆಯಲ್ಲ’ ಎಂದವರೂ ಆ ತೀರ್ಪಿನ ಎದುರು ತಲೆ ಎತ್ತಲಾಗದು.

ಅಷ್ಟು ದೂರವೂ ಹೋಗಬೇಕಿಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ತಿಮ್ಮಯ್ಯ 1953ರಲ್ಲಿ ಕೊರಿಯಾದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತರು. ಅವರಲ್ಲಿ ಒಬ್ಬನೂ ಕೊಡಗಿನವನಲ್ಲ, ಭಾರತದವನೂ ಅಲ್ಲ. 1965ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಒಡೆದ ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ. ಅಂದು ಈ ಮಣ್ಣಿನ ಮಗ ಪರದೇಶದ ಸೆರೆಯಾಳುಗಳನ್ನು ಕಾದರು. ಇಂದು ನಾವು ಅವರ ಪ್ರತಿಮೆಗೆ ಹಾರ ಹಾಕಿ, ನಮ್ಮದೇ ನಾಡಿನ ಸೆರೆಯಾಳಿನ ಹೆಸರನ್ನೇ ಮರೆತು ಕೂತಿದ್ದೇವೆ. ಹಾರದಿಂದ ಆ ಸಾಲ ತೀರುವುದಿಲ್ಲ.

ಮರೆವಿನ ಫಲ ಕಣ್ಣ ಮುಂದಿದೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸತ್ತ. ಅನಂತರ ಅವನ ಮೇಲೆ ಸಿನಿಮಾಗಳು ಬಂದವು, 2023ರಲ್ಲಿ ಸಾಕ್ಷ್ಯಚಿತ್ರ ಸರಣಿಯೂ ಬಂತು. ಮನೆಮಂದಿಯೆಲ್ಲ ಕೂತು ನೋಡಿದೆವು. ಬಂದೂಕು ಹಿಡಿದವನಿಗೆ ಕಥೆ ಇರುತ್ತದೆ, ಅವನ ಕೈಗೆ ಸಿಕ್ಕವನಿಗೆ ಇರುವುದಿಲ್ಲ ಎಂಬ ಪಾಠವನ್ನು ಮಕ್ಕಳು ಶಾಲೆಯಲ್ಲಿ ಕಲಿಯಲಿಲ್ಲ, ನಮ್ಮ ಪಡಸಾಲೆಯಲ್ಲಿ ಕಲಿತರು. ನಾಳೆ ಯಾವುದೋ ಗುಂಪು ಯಾರದೋ ಮನೆಯ ಬಾಗಿಲು ತಟ್ಟಿದರೆ ಈ ಮಕ್ಕಳು ಯಾರ ಮುಖವನ್ನು ನೋಡುತ್ತಾರೆ, ಎತ್ತಿಕೊಂಡು ಹೋದವನದೋ, ಕಳೆದುಕೊಂಡ ಮನೆಯವರದೋ?

2018ರ ಆಗಸ್ಟಿನಲ್ಲಿ ನಮ್ಮ ಸುತ್ತಿನ ಗುಡ್ಡಗಳು ಕುಸಿದು ಊರುಗಳು ಮಣ್ಣಾದಾಗ ಕರ್ನಾಟಕದ ಮೂಲೆಮೂಲೆಯಿಂದ ಅಕ್ಕಿ ಬಂತು, ಕಂಬಳಿ ಬಂತು, ಜನ ಬಂದರು. ‘ಅದು ಆ ಕಡೆಯ ಗಲಾಟೆ’ ಎಂದು ಅವರು ಹೇಳಲಿಲ್ಲ. ಆ ಅನ್ನ ಉಂಡವರು ನಾವು. ಮುಂದಿನ ಆಗಸ್ಟ್ 25ರಂದು ಹೊಳೆ ತುಂಬಿ ಹರಿಯುವಾಗ ಮಗನನ್ನು ಸೇತುವೆಯ ಮೇಲೆ ನಿಲ್ಲಿಸಿ ಈ ನೀರು ಎಲ್ಲಿಗೆ ಹೋಗುತ್ತದೆಂದು ತೋರಿಸಿ. ಅಲ್ಲಿಯ ಕಾಡಿನಲ್ಲಿ ನಾಗಪ್ಪ ಎಂಬುವರು 106 ದಿನ ನಮ್ಮ ದಾರಿ ಕಾದರು, ನಾವು ಹೋಗಲಿಲ್ಲ ಎಂದು ನಮ್ಮ ಬಾಯಿಂದಲೇ ಹೇಳಿ. ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲೇಬೇಕು.